ರೂತ್ ಹೆಸರಿನಲ್ಲಿ ಬಂದ ಹುಡುಗ

1960ರ ಡಿಸೆಂಬರ್ ತಿಂಗಳು. ಆಫ್ರಿಕಾದ ಪೂರ್ವ ಕರಾವಳಿಯಿಂದ ‘ರೂತ್ ಮಲೊಸೊ’ ಹೊರಟಿದ್ದಾಳೆಂಬ ಸುದ್ದಿ ಲಿಸ್ಬನ್ನಿನ ಒಂದು ಫುಟ್‌ಬಾಲ್ ಕ್ಲಬ್ಬಿಗೆ ಗುಟ್ಟಾಗಿ ತಲುಪಿತು. ಅರ್ಥವಾಗಬೇಕಾದವರಿಗೆ ಅರ್ಥವಾಯಿತು. ಆದರೆ ವಿಮಾನದಿಂದ ಇಳಿದವಳು ರೂತ್ ಅಲ್ಲ. ಇನ್ನೂ ಹತ್ತೊಂಬತ್ತು ತುಂಬದ, ಡಿಸೆಂಬರಿನ ಚಳಿ ಎಂದರೇನೆಂದೇ ತಿಳಿಯದ ಒಬ್ಬ ಹುಡುಗ. ಹೆಸರು ಯುಸೇಬಿಯೊ ದ ಸಿಲ್ವ ಫೆರೇರ. ಅವನನ್ನು ಲಿಸ್ಬನ್ನಿನಲ್ಲಿ ಇಟ್ಟುಕೊಂಡರೆ ಅಪಾಯವೆಂದು ಕ್ಲಬ್ಬಿನವರು ದೇಶದ ದಕ್ಷಿಣ ತುದಿಯ ಲಾಗೋಸ್ ಎಂಬ ಕಡಲೂರಿಗೆ ಸಾಗಿಸಿ, ಅಲ್ಲಿನ ಹೋಟೆಲಿನಲ್ಲಿ ಬಚ್ಚಿಟ್ಟರು.

ಹೆಣ್ಣಿನ ಹೆಸರಿಟ್ಟು ಗಂಡು ಹುಡುಗನನ್ನು ಸಾಗಿಸುವಂಥ ಅವಸರ ಏನಿತ್ತು? ಲಿಸ್ಬನ್ನಿನಲ್ಲಿ ಬೆನ್ಫಿಕಾ ಮತ್ತು ಸ್ಪೋರ್ಟಿಂಗ್ ಎಂಬ ಎರಡು ದೊಡ್ಡ ಕ್ಲಬ್ಬುಗಳು. ದಾಯಾದಿಗಳ ಹಾಗೆ. ಹುಡುಗ ಆಡುತ್ತಿದ್ದದ್ದು ಮೊಜಾಂಬಿಕ್‌ನಲ್ಲಿ ಸ್ಪೋರ್ಟಿಂಗ್‌ನ ಶಾಖೆಯಂತಿದ್ದ ಕ್ಲಬ್ಬಿಗೆ. ಮಾತುಕತೆ ಕುದುರಿಸಿ ಕರೆಸಿಕೊಂಡದ್ದು ಬೆನ್ಫಿಕಾ. ಗದ್ದೆ ಒಬ್ಬರದು, ಪೈರು ಇನ್ನೊಬ್ಬರ ಕಣಕ್ಕೆ. ಆಮೇಲೆ ಐದು ತಿಂಗಳು ತಕರಾರು, ಅರ್ಜಿ, ಮರುಅರ್ಜಿ. ಅಷ್ಟೂ ಕಾಲ ಅವನು ಆಡುವ ಹಾಗಿಲ್ಲ, ಅಭ್ಯಾಸ ಮಾಡಬಹುದು ಅಷ್ಟೆ. ಇದರ ತಮಾಷೆ ಎಂದರೆ, ಊರಿನಲ್ಲಿ ಅವನು ಮೊದಲು ಬಾಗಿಲು ತಟ್ಟಿದ್ದು ಬೆನ್ಫಿಕಾದ ಕಡೆಯ ಕ್ಲಬ್ಬಿನದೇ. ಅಲ್ಲಿನವರು ಬೇಡವೆಂದದ್ದಕ್ಕೇ ಸ್ಪೋರ್ಟಿಂಗ್ ಕಡೆ ಹೋಗಿದ್ದ.

ಆ ಊರು ಲೊರೆನ್ಸೊ ಮಾರ್ಕೆಸ್, ಈಗಿನ ಮಾಪುಟೊ. ಊರೊಳಗೆ ಎರಡು ಊರು. ಬಿಳಿಯರದು ಸಿಮೆಂಟಿನ ಪಟ್ಟಣ, ಕರಿಯರದು ಜೊಂಡಿನ ಪಟ್ಟಣ. ಯುಸೇಬಿಯೊ ಹುಟ್ಟಿದ್ದು ಎರಡನೆಯದರಲ್ಲಿ, ಮಫಲಾಲ ಎಂಬ ಕೇರಿಯಲ್ಲಿ, 1942ರ ಜನವರಿ 25ರಂದು. ಮರದ ಹಲಗೆ, ತಗಡಿನ ಮನೆಗಳು. ತಂದೆ ಅಂಗೋಲಾದಿಂದ ಬಂದ ಬಿಳಿಯ ರೈಲ್ವೆ ನೌಕರ, ತಾಯಿ ಎಲಿಸಾ ಮೊಜಾಂಬಿಕ್‌ನ ಕರಿಯ ಹೆಣ್ಣುಮಗಳು. ಹುಡುಗನಿಗೆ ಎಂಟು ವರ್ಷವಾದಾಗ ತಂದೆ ಧನುರ್ವಾಯುವಿನಿಂದ ತೀರಿಕೊಂಡ. ಮನೆಯ ಭಾರ ತಾಯಿಯ ತಲೆಗೆ.

ಚೆಂಡು ಕೊಳ್ಳುವ ಮಾತೆಲ್ಲಿ? ಹಳೆಯ ಕಾಲುಚೀಲಕ್ಕೆ ಹರಿದ ಪತ್ರಿಕೆ ತುರುಕಿ ಗುಂಡಗೆ ಕಟ್ಟಿದರೆ ಅದೇ ಚೆಂಡು. ಅದು ಪುಟಿಯುವುದಿಲ್ಲ, ನೆಲದ ಮೇಲೆ ಸರಿಯಾಗಿ ಉರುಳುವುದೂ ಇಲ್ಲ. ಬರಿಗಾಲಿನಲ್ಲಿ ಅದನ್ನು ಒದ್ದು ಅಳತೆಗೆ ತಂದವನಿಗೆ ಚರ್ಮದ ಚೆಂಡು ಸಿಕ್ಕಾಗ ಹೇಗಾಗಿರಬೇಕು ಊಹಿಸಿ. ಕೇರಿಯ ಹುಡುಗರು ತಂಡ ಕಟ್ಟಿ ‘ಬ್ರೆಜಿಲಿಯನ್ನರು’ ಎಂದು ಹೆಸರಿಟ್ಟುಕೊಂಡಿದ್ದರು. ಪೋರ್ಚುಗಲ್‌ನ ತಂಡದ ಹೆಸರಲ್ಲ ಎಂಬುದನ್ನು ಗಮನಿಸಬೇಕು.

ಹುಡುಗನನ್ನು ಕಣ್ಣಾರೆ ಕಂಡು ಲಿಸ್ಬನ್ನಿಗೆ ಸುದ್ದಿ ಮುಟ್ಟಿಸಿದವನೂ ಒಬ್ಬ ಬ್ರೆಜಿಲಿಯನ್ನನೇ. ಹೆಸರು ಬಾವರ್, ಹಳೆಯ ವಿಶ್ವಕಪ್ ಆಟಗಾರ. ಆಫ್ರಿಕಾ ಪ್ರವಾಸಕ್ಕೆ ತಂಡ ಕರೆತಂದವನು ಹಿಂದಿರುಗುವ ದಾರಿಯಲ್ಲಿ ಲಿಸ್ಬನ್ನಿನ ಕ್ಷೌರದಂಗಡಿಯಲ್ಲಿ ತನ್ನ ಹಳೆಯ ಗುರು, ಬೆನ್ಫಿಕಾದ ಕೋಚ್ ಬೇಲಾ ಗುಟ್‌ಮನ್‌ನ ಪಕ್ಕ ಕೂತು ವಿಷಯ ತೆಗೆದನಂತೆ. ಈ ಕ್ಷೌರದಂಗಡಿಯ ಕಥೆ ಎಷ್ಟು ಬಾಯಿ ದಾಟಿ ಬಂದಿದೆಯೋ. ನಿಜವಿರಲಿ ಬಿಡಲಿ, ಊರ ಸುದ್ದಿಯೆಲ್ಲ ಬಯಲಾಗುವ ಜಾಗ ಅದೇ ಆದ್ದರಿಂದ ನಂಬಲು ಅಡ್ಡಿಯಿಲ್ಲ.

ಇನ್ನೊಂದು ವಿಷಯ ಇಲ್ಲೇ ಹೇಳಿಬಿಡಬೇಕು. ಬೆನ್ಫಿಕಾ ಆಗ ವಿದೇಶಿಯರನ್ನು ತಂಡಕ್ಕೆ ಸೇರಿಸಿಕೊಳ್ಳುತ್ತಿರಲಿಲ್ಲ. ಎಪ್ಪತ್ತರ ದಶಕದ ಕೊನೆಯವರೆಗೂ ಅದು ಅದರ ನಿಯಮ. ಹಾಗಾದರೆ ಮೊಜಾಂಬಿಕ್‌ನವನು ಹೇಗೆ? ಅಲ್ಲಿದೆ ಗಂಟು. ಸರ್ವಾಧಿಕಾರಿ ಸಲಜಾರ್‌ನ ಸರ್ಕಾರದ ಲೆಕ್ಕದಲ್ಲಿ ಮೊಜಾಂಬಿಕ್, ಅಂಗೋಲಾ ವಸಾಹತುಗಳೇ ಅಲ್ಲ, ‘ಸಾಗರದಾಚೆಯ ಪ್ರಾಂತಗಳು’. ಗೋವೆಯೂ ಹಾಗೆಯೇ. ಯುಸೇಬಿಯೊ ಲಿಸ್ಬನ್ನಿಗೆ ಬಂದಿಳಿದ ಆ ಡಿಸೆಂಬರಿನಲ್ಲಿ ನಮ್ಮ ಕಾರವಾರದ ಮಾಜಾಳಿ ದಾಟಿದರೆ ಹಾರುತ್ತಿದ್ದದ್ದು ಅದೇ ಪೋರ್ಚುಗಲ್‌ನ ಬಾವುಟ. ವರ್ಷ ಕಳೆಯುತ್ತಲೇ, 1961ರ ಡಿಸೆಂಬರ್ 19ರಂದು, ಅದು ಇಳಿಯಿತು. ಮೊಜಾಂಬಿಕ್ 1975ರ ತನಕ ಕಾಯಬೇಕಾಯಿತು. ಯುಸೇಬಿಯೊ ಬೆನ್ಫಿಕಾಕ್ಕೆ ಆಡಿದ ಕಾಲ ಹೆಚ್ಚುಕಡಿಮೆ ಈ ಎರಡು ಡಿಸೆಂಬರಿನ ಆಚೀಚೆಯಿಂದ ಹಿಡಿದು 1975ರವರೆಗೆ. ಸಾಮ್ರಾಜ್ಯದ ಕೊನೆಯ ಹದಿನೈದು ವರ್ಷ ಆತನ ಗೋಲುಗಳ ಹದಿನೈದು ವರ್ಷವೂ ಹೌದು.

1961ರ ಮೇ 31ರಂದು ಬೆನ್ಫಿಕಾ ಬರ್ನ್ ನಗರದಲ್ಲಿ ಬಾರ್ಸಿಲೋನಾವನ್ನು 3-2ರಿಂದ ಸೋಲಿಸಿ ಮೊದಲ ಬಾರಿಗೆ ಯುರೋಪಿಯನ್ ಕಪ್ ಗೆದ್ದಿತು. ಕಪ್ ಎತ್ತಿದ ನಾಯಕ ಜೋಸೆ ಆಗ್ವಾಸ್ ಅಂಗೋಲಾದಲ್ಲಿ ಹುಟ್ಟಿದವನು, ಗೋಲ್‌ಕೀಪರ್ ಕೋಸ್ಟ ಪೆರೇರ ಮತ್ತು ಮಧ್ಯದಲ್ಲಿ ಆಡುತ್ತಿದ್ದ ಮಾರಿಯೊ ಕೊಲುನಾ ಮೊಜಾಂಬಿಕ್‌ನಲ್ಲಿ ಹುಟ್ಟಿದವರು. ಮರುದಿನವೇ ದೇಶದೊಳಗಿನ ಕಪ್ ಪಂದ್ಯ. ಗೆದ್ದವರು ಇನ್ನೂ ಸ್ವಿಟ್ಜರ್ಲೆಂಡಿನಲ್ಲೇ ಇದ್ದಾರೆ. ಪಂದ್ಯ ಮುಂದೂಡಲು ದೇಶದ ಫುಟ್‌ಬಾಲ್ ಸಂಘ ಒಪ್ಪಲಿಲ್ಲ. ಎರಡನೇ ಸಾಲಿನ ಹುಡುಗರನ್ನು ಸೆತೂಬಲ್‌ಗೆ ಕಳಿಸಿದರು. ಬೆನ್ಫಿಕಾ 4-1ರಿಂದ ಸೋತಿತು. ಆ ಒಂದು ಗೋಲು ಯುಸೇಬಿಯೊನದು. ಅದೇ ಪಂದ್ಯದಲ್ಲಿ ಒಂದು ಪೆನಾಲ್ಟಿಯನ್ನೂ ಕೈಚೆಲ್ಲಿದ. ಹೀಗೆ ಆತನ ಮೊದಲ ಅಧಿಕೃತ ಪಂದ್ಯ.

ಎರಡು ವಾರದ ಮೇಲೆ ಪ್ಯಾರಿಸ್‌ನಲ್ಲಿ ಪೆಲೆಯ ಸ್ಯಾಂಟೋಸ್ ತಂಡದೆದುರು ಬೆನ್ಫಿಕಾ ನೆಲಕಚ್ಚಿದ್ದಾಗ ಗುಟ್‌ಮನ್ ಈ ಹುಡುಗನನ್ನು ಇಳಿಸಿದ. ಹುಡುಗ ಮೂರು ಗೋಲು ಹೊಡೆದ. ಪಂದ್ಯ 6-3ರಿಂದ ಸೋತದ್ದೇ ಆದರೂ ಜನ ಕ್ರೀಡಾಂಗಣ ಬಿಟ್ಟು ಹೋಗುವಾಗ ಪೆಲೆಯ ಜೊತೆಗೆ ಇನ್ನೊಂದು ಹೆಸರೂ ಬಾಯಲ್ಲಿತ್ತು.

ಆತನ ಆಟ ಹೇಗಿತ್ತು? ಫಾರ್ವರ್ಡ್ ಎಂದರೆ ಎದುರಾಳಿಯ ಗೋಲಿನ ಮುಂದೆ ನಿಂತು ಕಾಯುವವನು ಎಂಬ ಕಲ್ಪನೆ ಇದ್ದರೆ ಅದನ್ನು ಬದಿಗಿಡಿ. ಯುಸೇಬಿಯೊ ಹಿಂದಿನಿಂದ ಬರುತ್ತಿದ್ದ. ಮೈದಾನದ ನಡುವೆ ಎಲ್ಲೋ ಚೆಂಡು ಸಿಗುತ್ತಿತ್ತು, ಎರಡು ಹೆಜ್ಜೆ ನಿಧಾನ, ಮೂರನೆಯದರಿಂದ ಓಟ. ತಡೆಯಲು ಬಂದವನಿಗೆ ತಿರುಗಲು ಸಮಯವಿಲ್ಲ. ಬಲಗಾಲನ್ನು ಹೆಚ್ಚು ಹಿಂದಕ್ಕೆಳೆಯದೆಯೇ ಹೊಡೆಯುತ್ತಿದ್ದ. ಕಾಲು ಎತ್ತಿದ್ದು ಗೊತ್ತಾಗುವಷ್ಟರಲ್ಲಿ ಚೆಂಡು ಬಲೆಯಲ್ಲಿ. ಪೋರ್ಚುಗೀಸರು ‘ಕರಿ ಚಿರತೆ’ ಎಂದರು, ‘ರಾಜ’ ಎಂದರು. ಮೊದಲನೆಯ ಬಿರುದಿನಲ್ಲಿ ಮೆಚ್ಚುಗೆಯ ಜೊತೆ ಇನ್ನೇನು ಬೆರೆತಿತ್ತೆಂದು ಇವತ್ತಿನ ಕಿವಿಗೆ ಹೇಳಬೇಕಾಗಿಲ್ಲ.

1962ರ ಮೇ 2, ಆಮ್‌ಸ್ಟರ್‌ಡ್ಯಾಮ್. ಯುರೋಪಿಯನ್ ಕಪ್ ಫೈನಲ್, ಎದುರಿಗೆ ರಿಯಲ್ ಮ್ಯಾಡ್ರಿಡ್. ಐದು ಸಲ ಗೆದ್ದ ತಂಡ. ಡಿ ಸ್ಟೆಫಾನೊ, ಪುಷ್ಕಾಷ್ ಇಬ್ಬರೂ ಇದ್ದಾರೆ. ಮೊದಲರ್ಧದಲ್ಲೇ ಪುಷ್ಕಾಷ್‌ನಿಂದ ಮೂರು ಗೋಲು. ವಿರಾಮಕ್ಕೆ 3-2. ಮರಳಿ ಬಂದಮೇಲೆ ಕೊಲುನಾ ದೂರದಿಂದ ಹೊಡೆದು ಸಮ ಮಾಡಿದ. ಆಮೇಲೆ ಬೆನ್ಫಿಕಾಕ್ಕೆ ಪೆನಾಲ್ಟಿ.

ಈ ಜಾಗದಲ್ಲಿ ಸ್ವಲ್ಪ ನಿಲ್ಲೋಣ. ಕೊಲುನಾ ಯುಸೇಬಿಯೊಗೆ ಬರೀ ತಂಡದ ಹಿರಿಯನಲ್ಲ. ಮಗನನ್ನು ನೋಡಿಕೊಳ್ಳಪ್ಪ ಎಂದು ತಾಯಿ ಎಲಿಸಾ ಒಪ್ಪಿಸಿದ್ದು ಆತನಿಗೆ. ಯುಸೇಬಿಯೊ ಕೊನೆಯ ತನಕ ಆತನನ್ನು ಹೆಸರು ಹಿಡಿದು ಕರೆದವನಲ್ಲ. ‘ಸೆನ್ಯೋರ್ ಕೊಲುನಾ’ ಎಂದೇ ಕರೆದ, ನಮ್ಮಲ್ಲಿ ‘ಕೊಲುನಾ ಅವರೇ’ ಎಂದಂತೆ. ಅಂದು ಆಮ್‌ಸ್ಟರ್‌ಡ್ಯಾಮಿನಲ್ಲಿ ಹತ್ತಿರ ಹೋಗಿ, ಇದನ್ನು ನಾನು ಹೊಡೆಯಲೇ ಎಂದು ಅಪ್ಪಣೆ ಕೇಳಿದ್ದನ್ನು ಮುಂದೆ ತಾನೇ ಹೇಳಿಕೊಂಡಿದ್ದಾನೆ. ಅಪ್ಪಣೆ ಸಿಕ್ಕಿತು. ಗೋಲು. ಸ್ವಲ್ಪ ಹೊತ್ತಿನಲ್ಲೇ ಫ್ರೀ ಕಿಕ್ ಸಿಕ್ಕಿತು. ಕೊಲುನಾ ಚೆಂಡನ್ನು ಮೆಲ್ಲಗೆ ಸರಿಸಿದ, ಯುಸೇಬಿಯೊ ಹೊಡೆದ. 5-3. ಇಪ್ಪತ್ತು ವರ್ಷದ ಹುಡುಗ ಅಂದು ತನ್ನ ಆರಾಧ್ಯದೈವ ಡಿ ಸ್ಟೆಫಾನೊನ ಅಂಗಿ ಕೇಳಿ ಪಡೆದ. ಜನ ಹೆಗಲ ಮೇಲೆ ಹೊತ್ತು ಎಳೆದಾಡುವಾಗಲೂ ಅದೊಂದನ್ನು ಮಾತ್ರ ಬಿಡಲಿಲ್ಲವಂತೆ.

ಗುಟ್‌ಮನ್ ಹೆಚ್ಚು ಹಣ ಕೇಳಿದ, ಕ್ಲಬ್ ಕೊಡಲಿಲ್ಲ, ಬಿಟ್ಟುಹೋದ. ನೂರು ವರ್ಷ ಬೆನ್ಫಿಕಾ ಯುರೋಪಿನಲ್ಲಿ ಗೆಲ್ಲದಿರಲಿ ಎಂದು ಶಾಪ ಹಾಕಿ ಹೋದನೆಂದು ಪ್ರತೀತಿ. ಶಾಪ ಹಾಕಿದನೋ, ಜನ ಆಮೇಲೆ ಕಟ್ಟಿದರೋ, ಲೆಕ್ಕವಂತೂ ಶಾಪದ ಕಡೆಗೇ ಇದೆ. 1963ರಲ್ಲಿ ಮಿಲಾನ್ ಎದುರು ಯುಸೇಬಿಯೊ ಗೋಲು ಹೊಡೆದೂ ಸೋಲು. 1965ರಲ್ಲಿ ಇಂಟರ್ ಎದುರು, ಅದೂ ಅವರದೇ ಮೈದಾನದಲ್ಲಿ ಸೋಲು. 1968ರಲ್ಲಿ ಮತ್ತೆ. ಆತ ನಿವೃತ್ತನಾದ ಎಷ್ಟೋ ವರ್ಷದ ಮೇಲೆ, 1990ರಲ್ಲಿ, ಫೈನಲ್ ವಿಯೆನ್ನಾದಲ್ಲಿ ಬಿತ್ತು. ಗುಟ್‌ಮನ್‌ನ ಗೋರಿ ಇರುವುದೂ ಅಲ್ಲೇ. ಯುಸೇಬಿಯೊ ಗೋರಿಯ ಮುಂದೆ ನಿಂತು ಶಾಪ ಹಿಂತೆಗೆದುಕೋ ಎಂದು ಬೇಡಿಕೊಂಡ. ಬೆನ್ಫಿಕಾ 1-0ರಿಂದ ಸೋತಿತು. 1962ರ ನಂತರ ಅದು ಸೋತ ಯುರೋಪಿಯನ್ ಫೈನಲ್‌ಗಳು ಎಂಟು.

1968ರ ಆ ಫೈನಲ್‌ನ ಒಂದು ಗಳಿಗೆಯನ್ನು ಮಾತ್ರ ಬಿಡುವ ಹಾಗಿಲ್ಲ. ವೆಂಬ್ಲಿ, ಎದುರಾಳಿ ಮ್ಯಾಂಚೆಸ್ಟರ್ ಯುನೈಟೆಡ್, ಸ್ಕೋರು 1-1, ನಿಗದಿತ ಸಮಯ ಮುಗಿಯುತ್ತಾ ಬಂದಿದೆ. ಯುಸೇಬಿಯೊ ಒಬ್ಬನೇ ನುಗ್ಗಿದ. ಎದುರಿಗೆ ಗೋಲ್‌ಕೀಪರ್ ಅಲೆಕ್ಸ್ ಸ್ಟೆಪ್ನಿ ಬಿಟ್ಟರೆ ಯಾರೂ ಇಲ್ಲ. ಪಕ್ಕಕ್ಕೆ ಮೆಲ್ಲಗೆ ತಳ್ಳಿದ್ದರೂ ಸಾಕಿತ್ತು. ಆದರೆ ಕೈಲಾದಷ್ಟು ಬಲ ಹಾಕಿ ಹೊಡೆದ. ಚೆಂಡು ಸ್ಟೆಪ್ನಿಯ ಎದೆಗೆ ಬಡಿದು ಅವನ ತೋಳಿನೊಳಗೆ ನಿಂತಿತು. ತಲೆ ಚಚ್ಚಿಕೊಳ್ಳುವ ಬದಲು ಯುಸೇಬಿಯೊ ನಿಂತಲ್ಲೇ ಚಪ್ಪಾಳೆ ತಟ್ಟಿದ. ಹೆಚ್ಚುವರಿ ಸಮಯದಲ್ಲಿ ಬೆನ್ಫಿಕಾ ಮೂರು ಗೋಲು ತಿಂದಿತು. ಆ ಚಪ್ಪಾಳೆಯನ್ನು ಕ್ರೀಡಾಮನೋಭಾವದ ಪಾಠವಾಗಿ ಹೇಳುವವರುಂಟು. ಒಂದು ಮಾತು ಸೇರಿಸಬೇಕು: ಹೊಡೆತ ಎಂಥದೆಂದು ಅದನ್ನು ಹೊಡೆದವನಿಗಷ್ಟೇ ಗೊತ್ತು. ಅದನ್ನು ಹಿಡಿದವನ ಬೆಲೆಯೂ ಅವನಿಗೇ ಗೊತ್ತು.

ಇನ್ನು 1966. ಪೋರ್ಚುಗಲ್‌ಗೆ ಅದು ಮೊತ್ತಮೊದಲ ವಿಶ್ವಕಪ್. ತಂಡದ ನಾಯಕ ಕೊಲುನಾ, ರಕ್ಷಣೆಯಲ್ಲಿ ವಿಸೆಂಟೆ ಮತ್ತು ಇಲಾರಿಯೊ, ಮುಂದೆ 13ನೇ ಅಂಗಿಯ ಯುಸೇಬಿಯೊ. ನಾಲ್ವರೂ ಮೊಜಾಂಬಿಕ್‌ನವರು. ಅತ್ತ ಮೊಜಾಂಬಿಕ್‌ನಲ್ಲಿ ಬಿಡುಗಡೆಯ ಸಶಸ್ತ್ರ ಹೋರಾಟ ಶುರುವಾಗಿ ಎರಡು ವರ್ಷವಾಗುತ್ತಾ ಬಂದಿತ್ತು. ಇತ್ತ ಲಿಸ್ಬನ್ನಿನ ಆಳುವವರಿಗೆ ಈ ನಾಲ್ವರ ಫೋಟೋಕ್ಕಿಂತ ಒಳ್ಳೆಯ ಉತ್ತರ ಬೇಕಿರಲಿಲ್ಲ: ನೋಡಿ, ನಾವೆಲ್ಲ ಒಂದೇ! ಯುಸೇಬಿಯೊ ರಾಜಕೀಯ ಮಾತಾಡಿದವನಲ್ಲ. ಅದಕ್ಕಾಗಿ ಆತನನ್ನು ದೂರಿದವರು ಆಫ್ರಿಕಾದಲ್ಲೂ ಇದ್ದರು, ಪೋರ್ಚುಗಲ್‌ನಲ್ಲೂ ಇದ್ದರು.

ಹಂಗೆರಿ, ಬಲ್ಗೇರಿಯಾ, ಆಮೇಲೆ ಎರಡು ಬಾರಿಯ ಚಾಂಪಿಯನ್ ಬ್ರೆಜಿಲ್ ಮೂರನ್ನೂ ಸೋಲಿಸಿ ಪೋರ್ಚುಗಲ್ ಎಂಟರ ಘಟ್ಟಕ್ಕೆ ಬಂತು. ಕೇರಿಯಲ್ಲಿ ‘ಬ್ರೆಜಿಲಿಯನ್ನರು’ ಎಂದು ಕರೆದುಕೊಂಡಿದ್ದ ಹುಡುಗ ಬ್ರೆಜಿಲ್‌ಗೆ ಎರಡು ಗೋಲು ಹೊಡೆದಿದ್ದ. ಮುಂದಿನ ಎದುರಾಳಿ ಉತ್ತರ ಕೊರಿಯಾ. ಯಾರೂ ಲೆಕ್ಕಕ್ಕಿಡದ ಆ ತಂಡ ಇಟಲಿಯನ್ನು ಮನೆಗೆ ಕಳಿಸಿ ಬಂದಿತ್ತು.

ಜುಲೈ 23, ಲಿವರ್‌ಪೂಲ್‌ನ ಗುಡಿಸನ್ ಪಾರ್ಕ್. ಮೊದಲ ನಿಮಿಷದಲ್ಲೇ ಕೊರಿಯಾ ಗೋಲು. 25ನೇ ನಿಮಿಷಕ್ಕೆ 3-0. ಪ್ರೇಕ್ಷಕರು ಕೊರಿಯಾದ ಕಡೆಗೇ ವಾಲಿದ್ದರು. 27ನೇ ನಿಮಿಷದಲ್ಲಿ ಯುಸೇಬಿಯೊ ಮೊದಲನೆಯದನ್ನು ಹೊಡೆದ. ಹಳೆಯ ಚಿತ್ರಸುರುಳಿ ಈಗಲೂ ಸಿಗುತ್ತದೆ, ನೋಡಿ. ಗೋಲು ಹೊಡೆದವನು ಕೈ ಎತ್ತಿ ಕುಣಿಯುವುದಿಲ್ಲ. ನೇರ ಬಲೆಯೊಳಗೆ ಹೋಗಿ ಚೆಂಡೆತ್ತಿ, ಕಂಕುಳಿಗಿಟ್ಟುಕೊಂಡು ಮೈದಾನದ ನಡುವಿಗೆ ಓಡುತ್ತಾನೆ. ಹೊಲದಲ್ಲಿ ಹಗಲು ಮುಗಿಯುತ್ತಿರುವಾಗ ಇನ್ನೆರಡು ಸಾಲು ಬಾಕಿಯಿದ್ದವನ ಆತುರ. ವಿರಾಮಕ್ಕೆ ಮುಂಚೆ ಪೆನಾಲ್ಟಿಯಿಂದ ಎರಡನೆಯದು. 56ನೇ ನಿಮಿಷದಲ್ಲಿ ಮೂರನೆಯದು. ಈಗ ಸಮಸಮ.

ನಾಲ್ಕನೆಯದೇ ನೋಡತಕ್ಕದ್ದು. ಎಡಬದಿಯಲ್ಲಿ ಚೆಂಡು ಸಿಕ್ಕಿತು. ಗೆರೆಯ ಪಕ್ಕದಲ್ಲೇ ಉದ್ದಕ್ಕೂ ಓಟ. ಒಬ್ಬ ಹಿಂದೆ ಬಿದ್ದ, ಇನ್ನೊಬ್ಬ ಬಿದ್ದ; ಪೆನಾಲ್ಟಿ ಚೌಕದೊಳಕ್ಕೆ ತಿರುಗುತ್ತಿದ್ದಂತೆ ಕಾಲಿಗೆ ಕಾಲು ಕೊಟ್ಟು ಕೆಡವಿದರು. ನೆಲದ ಮೇಲೆ ಒದ್ದಾಡಿದ. ಎದ್ದ, ಕುಂಟಿದ, ತಾನೇ ಚೆಂಡಿಟ್ಟ. 59ನೇ ನಿಮಿಷ, 4-3. ಜೋಸೆ ಅಗುಸ್ಟೊ ಕೊನೆಗೆ ಐದನೆಯದನ್ನು ಸೇರಿಸಿದ. ಮೂರು ಗೋಲು ಹಿಂದಿದ್ದ ತಂಡವೊಂದು ವಿಶ್ವಕಪ್ಪಿನಲ್ಲಿ ಹೀಗೆ ತಿರುಗಿಬಿದ್ದದ್ದನ್ನು ಹೇಳುವಾಗ ‘ಪೋರ್ಚುಗಲ್ ತಿರುಗಿಬಿತ್ತು’ ಎನ್ನುತ್ತಾರೆ. ತಿರುಗಿಬಿದ್ದವನು ಒಬ್ಬನೇ ಎಂದರೆ ಉಳಿದ ಹತ್ತು ಮಂದಿಯೂ ಬೇಸರಪಡುತ್ತಿರಲಿಲ್ಲವೇನೋ.

ಮೂರು ದಿನದ ಮೇಲೆ ಸೆಮಿಫೈನಲ್, ಇಂಗ್ಲೆಂಡಿನ ಎದುರು. ಪಂದ್ಯ ಲಿವರ್‌ಪೂಲಿನಲ್ಲೇ ನಡೆಯಬೇಕಿತ್ತು, ಆತಿಥೇಯರಿಗಾಗಿ ವೆಂಬ್ಲಿಗೆ ಒಯ್ದರು ಎಂಬ ದೂರು ಪೋರ್ಚುಗಲ್‌ನಲ್ಲಿ ಇಂದಿಗೂ ಉಳಿದಿದೆ. ಅಲ್ಲಿ ನಾಬಿ ಸ್ಟೈಲ್ಸ್ ಎಂಬ ಕುಳ್ಳ ಆಟಗಾರ ಯುಸೇಬಿಯೊಗೆ ನೆರಳಿನಂತೆ ಅಂಟಿಕೊಂಡ. ಬಾಬಿ ಚಾರ್ಲ್ಟನ್ ಎರಡು ಗೋಲು ಹೊಡೆದ. 82ನೇ ನಿಮಿಷದಲ್ಲಿ ಪೆನಾಲ್ಟಿಯಿಂದ ಯುಸೇಬಿಯೊ ಒಂದು ತೀರಿಸಿದ. ಆ ಕೂಟದಲ್ಲಿ ಇಂಗ್ಲೆಂಡ್ ಬಿಟ್ಟುಕೊಟ್ಟ ಮೊದಲ ಗೋಲು ಅದು. ಸಾಲಲಿಲ್ಲ. ಅಂಗಿಯ ತುದಿಯಿಂದ ಕಣ್ಣೊರೆಸಿಕೊಳ್ಳುತ್ತಾ ಮೈದಾನದಿಂದ ಹೊರನಡೆದ ಯುಸೇಬಿಯೊನ ಚಿತ್ರ ಜಗತ್ತೆಲ್ಲ ಸುತ್ತಿತು. ಪೋರ್ಚುಗೀಸರು ಆ ಪಂದ್ಯವನ್ನು ‘ಕಣ್ಣೀರಿನ ಆಟ’ ಎಂದೇ ಕರೆಯುತ್ತಾರೆ. ಮೂರನೇ ಸ್ಥಾನಕ್ಕಾಗಿ ಸೋವಿಯತ್ ಒಕ್ಕೂಟವನ್ನು ಸೋಲಿಸಿದಾಗ ಯಾಶಿನ್‌ನಂಥ ಗೋಲ್‌ಕೀಪರನಿಗೂ ಒಂದು ಪೆನಾಲ್ಟಿ ಹೊಡೆದ. ಒಟ್ಟು ಒಂಬತ್ತು ಗೋಲು, ಕೂಟದಲ್ಲೇ ಅತಿ ಹೆಚ್ಚು.

ಇಟಲಿಯ ಕ್ಲಬ್ಬುಗಳು ದುಡ್ಡಿನ ಚೀಲ ಹಿಡಿದು ಬಂದವು. ಸಲಜಾರ್ ತನ್ನನ್ನು ದೇಶದ ಆಸ್ತಿಯೆಂದು ಹೇಳಿ ಹೊರಗೆ ಹೋಗಗೊಡಲಿಲ್ಲವೆಂದು ಯುಸೇಬಿಯೊ ಮುಂದೆ ಅನೇಕ ಸಲ ಹೇಳಿಕೊಂಡಿದ್ದಾನೆ. ಆಸ್ತಿ ಎಂಬ ಮಾತು ಮೊಜಾಂಬಿಕ್‌ನಿಂದ ಬಂದ ಕರಿಯ ಮನುಷ್ಯನ ಬಗ್ಗೆ! ಅದಕ್ಕೆ ಇನ್ನೊಂದು ವಿಚಿತ್ರ ಬೆಸುಗೆಯೂ ಬಿತ್ತು. ಉತ್ತರ ಕೊರಿಯಾದ ಕೈಲಿ ಸೋತ ಅವಮಾನದಲ್ಲಿ ಇಟಲಿ ತನ್ನ ಲೀಗಿಗೆ ಹೊಸ ವಿದೇಶಿ ಆಟಗಾರರು ಬಾರದಂತೆ ಬಾಗಿಲು ಹಾಕಿಕೊಂಡಿತು, 1980ರವರೆಗೂ ತೆಗೆಯಲಿಲ್ಲ. ಯುಸೇಬಿಯೊ ನಾಲ್ಕು ಗೋಲು ಹೊಡೆದು ಮಣಿಸಿದ್ದ ತಂಡವೇ ಆತನ ಇಟಲಿಯ ದಾರಿಗೆ ಅಡ್ಡ ನಿಂತಂತಾಯಿತು.

ಹಾಗಾಗಿ ಉಳಿದದ್ದು ಬೆನ್ಫಿಕಾ. ಹನ್ನೊಂದು ಲೀಗ್ ಪ್ರಶಸ್ತಿ, ಐದು ಪೋರ್ಚುಗೀಸ್ ಕಪ್. 440 ಅಧಿಕೃತ ಪಂದ್ಯಗಳಲ್ಲಿ 473 ಗೋಲು. ದೇಶಕ್ಕೆ 64 ಪಂದ್ಯ, 41 ಗೋಲು. 1965ರಲ್ಲಿ ಯುರೋಪಿನ ಶ್ರೇಷ್ಠ ಆಟಗಾರನಿಗೆ ಕೊಡುವ ಬ್ಯಾಲನ್ ಡಿ’ಓರ್. ಲೀಗುಗಳಲ್ಲಿ ಅತಿ ಹೆಚ್ಚು ಗೋಲು ಹೊಡೆದವನಿಗೆ ಕೊಡುವ ಯುರೋಪಿನ ಚಿನ್ನದ ಬೂಟು 1968ರಲ್ಲಿ ಶುರುವಾದಾಗ ಮೊದಲು ಪಡೆದವನು ಯುಸೇಬಿಯೊ, 1973ರಲ್ಲಿ ಮತ್ತೊಮ್ಮೆ. ಇವಿಷ್ಟು ಕಾಗದದ ಮೇಲಿನ ಲೆಕ್ಕ. ಇನ್ನೊಂದು ಲೆಕ್ಕ ಮೊಣಕಾಲಿನದು. ಎಡ ಮೊಣಕಾಲಿಗೆ ಆರು ಶಸ್ತ್ರಚಿಕಿತ್ಸೆ, ಬಲಕ್ಕೆ ಒಂದು. 473 ಗೋಲುಗಳ ಪೈಕಿ ಎಷ್ಟನ್ನು ನೋವಿನ ಸೂಜಿ ಚುಚ್ಚಿಸಿಕೊಂಡು ಹೊಡೆದನೋ ಯಾರೂ ಬರೆದಿಟ್ಟಿಲ್ಲ.

1974ರ ಏಪ್ರಿಲ್ 25ರಂದು ಲಿಸ್ಬನ್ನಿನಲ್ಲಿ ಸರ್ವಾಧಿಕಾರ ಉರುಳಿತು. ಮರುವರ್ಷ ಜೂನ್ 25ರಂದು ಮೊಜಾಂಬಿಕ್ ಸ್ವತಂತ್ರವಾಯಿತು. ಕೊಲುನಾ ಊರಿಗೆ ಮರಳಿ ಅಲ್ಲಿನ ಫುಟ್‌ಬಾಲ್ ಸಂಘದ ಅಧ್ಯಕ್ಷನಾದ. ಯುಸೇಬಿಯೊ ಮರಳಲಿಲ್ಲ, ಲಿಸ್ಬನ್ನೇ ಮನೆಯಾಯಿತು. ಇಬ್ಬರೂ 2014ರಲ್ಲಿ, ಒಬ್ಬರ ಹಿಂದೆ ಒಬ್ಬರಂತೆ ತೀರಿಕೊಂಡರು. ಯುಸೇಬಿಯೊ ಜನವರಿ 5ರಂದು ಲಿಸ್ಬನ್ನಿನಲ್ಲಿ, ಕೊಲುನಾ ಫೆಬ್ರುವರಿ 25ರಂದು ಮಾಪುಟೊದಲ್ಲಿ. ಪೋರ್ಚುಗಲ್ ಮೂರು ದಿನ ಶೋಕ ಆಚರಿಸಿತು. ಬೆನ್ಫಿಕಾದ ಕ್ರೀಡಾಂಗಣದ ಹೊರಗೆ 1992ರಿಂದ ನಿಂತಿರುವ ಕಂಚಿನ ಪ್ರತಿಮೆ ಹೂವು, ಶಾಲುಗಳಲ್ಲಿ ಮುಚ್ಚಿಹೋಯಿತು. ಶವಪೆಟ್ಟಿಗೆಯನ್ನು ಮೈದಾನದ ಸುತ್ತ ಒಂದು ಸುತ್ತು ತಂದರು. 2015ರ ಜುಲೈಯಲ್ಲಿ ರಾಷ್ಟ್ರದ ಮಹನೀಯರನ್ನು ಇರಿಸುವ ಪ್ಯಾಂಥಿಯನ್‌ಗೆ ಆತನ ದೇಹವನ್ನು ಸಾಗಿಸಿದರು. ಅಲ್ಲಿ ಸ್ಥಳ ಪಡೆದ ಮೊದಲ ಫುಟ್‌ಬಾಲ್ ಆಟಗಾರ ಆತ. ಅಲ್ಲೇ ಫಾದೊ ಗಾಯಕಿ ಅಮಾಲಿಯಾ ರೊಡ್ರಿಗೆಸ್‌ಳ ಸಮಾಧಿಯೂ ಇದೆ. ಹುಟ್ಟಿದ ಕಾಲಕ್ಕೆ ಸಿಮೆಂಟಿನ ಪಟ್ಟಣದಲ್ಲಿ ಮನೆ ಮಾಡುವ ಹಾಗಿಲ್ಲದವನಿಗೆ ಅಮೃತಶಿಲೆಯ ಮನೆ.

ಆದರೆ ಆಟದ ಬದುಕಿನ ಕೊನೆಯ ವರ್ಷಗಳನ್ನು ಹೇಳದೆ ಬಿಟ್ಟೆವು. 1975ರಲ್ಲಿ ಬೆನ್ಫಿಕಾ ಬಿಟ್ಟಮೇಲೆ ಆತ ಬಾಸ್ಟನ್, ಮೆಕ್ಸಿಕೋದ ಮೊಂಟೆರೇ, ಟೊರೊಂಟೊ, ಲಾಸ್ ವೇಗಸ್ ಎಂದು ಅಲೆದ. ಹಣಕ್ಕಾಗಿ ಎಂದರೆ ತಪ್ಪಲ್ಲ. ಬೇಕಿದ್ದ ಕಾಲದಲ್ಲಿ ಹೊರಗೆ ಬಿಡದವರು ಕಾಲು ಸೋತಮೇಲೆ ಬಿಟ್ಟರು. 1976ರಲ್ಲಿ ಟೊರೊಂಟೊ ತಂಡ ಅಮೆರಿಕದ ಲೀಗಿನ ಫೈನಲ್ ಗೆದ್ದಾಗ ಮೊದಲ ಗೋಲು ಆತನ ಫ್ರೀ ಕಿಕ್ಕಿನಿಂದಲೇ ಬಂತು. ಕಾಲು ಸೋತಿತ್ತು, ಹೊಡೆತ ಸೋತಿರಲಿಲ್ಲ.

ಅದರ ಬೆನ್ನಿಗೇ ಪೋರ್ಚುಗಲ್‌ಗೆ ಬಂದು ಅವೆಯಿರೊ ಪಟ್ಟಣದ ಬೆಯ್ರ-ಮಾರ್ ಎಂಬ ಸಣ್ಣ ಕ್ಲಬ್ಬಿಗೆ ಕೆಲಕಾಲ ಆಡಿದ. 1977ರ ಆರಂಭದಲ್ಲಿ ಆ ಊರಿಗೆ ಬೆನ್ಫಿಕಾ ಬಂತು. ಪಂದ್ಯಕ್ಕೆ ಮುಂಚೆ ಯುಸೇಬಿಯೊ ಬೆನ್ಫಿಕಾದವರ ಕೋಣೆಗೇ ಹೋಗಿ, ಹೆದರಬೇಡಿ, ಇವತ್ತು ನಾನು ಗೋಲು ಹೊಡೆಯುವುದಿಲ್ಲ ಎಂದು ಹೇಳಿ ಬಂದನಂತೆ. ಆಟ ಮುಗಿಯುವ ಹೊತ್ತಿಗೆ ಬೆಯ್ರ-ಮಾರ್‌ಗೆ ಫ್ರೀ ಕಿಕ್ ಸಿಕ್ಕಿತು. ಜೊತೆಯ ಆಟಗಾರರು ಸಹಜವಾಗಿ ಆತನ ಕಡೆ ನೋಡಿದರು. ಆಮ್‌ಸ್ಟರ್‌ಡ್ಯಾಮಿನಲ್ಲಿ, ಟೊರೊಂಟೊದವರ ಫೈನಲ್‌ನಲ್ಲಿ ಹೊಡೆದವನು ಅಲ್ಲೇ ಇದ್ದಾನೆ, ಬೇರೆ ಯಾರು ಹೊಡೆಯಬೇಕು? ಯುಸೇಬಿಯೊ ನೀವೇ ಹೊಡೆಯಿರಿ ಎಂದು ಚೆಂಡು ಬಿಟ್ಟು ಪಕ್ಕಕ್ಕೆ ಸರಿದ.